ಬಾಳವ್ವನ ಹೆಸರು

ಚಪ್ಪಲಿ ಕಳಚುವಾಗ ಪರಮೇಶನಿಗೆ ತನ್ನ ಬಲಗಾಲಿನ ಹೆಬ್ಬೆರಳು ಕಂಡಿತು. ಉಗುರು ಹಳದಿಗಟ್ಟಿ ಒಂದು ಬದಿಗೆ ಸೀಳಿತ್ತು. ಇಷ್ಟು ದಿನ ಇದನ್ನು ಹೊತ್ತುಕೊಂಡು ಪಾಠ ಹೇಳಿದ್ದೇನಲ್ಲ, ಮಂದಿಯ ಮನೆಯ ಜಮಖಾನೆಯ ಮೇಲೆ ಕೂತು ಬಂದಿದ್ದೇನಲ್ಲ ಅನ್ನಿಸಿ, ಯಾರು ಯಾರು ನೋಡಿರಬಹುದು ಎಂದು ಒಬ್ಬೊಬ್ಬರನ್ನೇ ನೆನೆಸತೊಡಗಿದ. ಕಂಪ್ಯೂಟರ್ ಕೇಂದ್ರದ ಬಾಗಿಲಿಗೆ 'ಪಾದರಕ್ಷೆಗಳನ್ನು ಹೊರಗೇ ಬಿಡಿರಿ' ಎಂಬ ಹಲಗೆ ತೂಗುತ್ತಿತ್ತು. ವಿಶ್ವವಿದ್ಯಾಲಯಕ್ಕೆ ಮೊದಲ ಕಂಪ್ಯೂಟರು ಬಂದಾಗ, ಧೂಳು ತಾಗಿದರೆ ಅದು ಕೆಡುತ್ತದೆಂದು ಹಾಕಿದ್ದು. ಆ ಕಂಪ್ಯೂಟರು ಗುಜರಿಗೆ ಹೋಯಿತು, ಆಮೇಲೆ ಬಂದವೂ ಹೋದವು, ಹಲಗೆ ಮಾತ್ರ ಉಳಿಯಿತು. ಕುಲಪತಿಗಳೇ ಬಂದರೂ ಇಲ್ಲಿ ಬರಿಗಾಲು. ಮಹಾನವಮಿಯಲ್ಲಿ ಕಂಪ್ಯೂಟರಿನ ಪೆಟ್ಟಿಗೆಗಳಿಗೆ ವಿಭೂತಿ ಬಳಿಯುತ್ತಾರೆ. ಅದು ಮುಂದಿನ ಮಹಾನವಮಿಯವರೆಗೂ ಅಳಿಯುವುದಿಲ್ಲ. ಈ ಕೋಣೆಗೆ ಬರುವಾಗಲೆಲ್ಲ ಪರಮೇಶನಿಗೆ ಗುಡಿಗೆ ಬಂದ ಹಾಗೆ ಒಂದು ಅಂಜಿಕೆ ಇರುತ್ತಿತ್ತು. ಇಲ್ಲಿ ಕೇಳಿದ್ದಕ್ಕೆ ಇಲ್ಲ ಅನ್ನಬಾರದು ಎಂಬಂಥ ಅಂಜಿಕೆ.

ಬೆಂಚಿನ ಮೇಲಿದ್ದ ಆರತಿ ಅವನನ್ನು ಕಂಡೊಡನೆ ಎದ್ದಳು. ಇತಿಹಾಸ ವಿಭಾಗದಲ್ಲಿ ಅವನ ಕೈಕೆಳಗೆ ಪಿಎಚ್.ಡಿ. ಮಾಡುತ್ತಿರುವ ಹುಡುಗಿ. ಹುಬ್ಬಳ್ಳಿ ಸೀಮೆಯ ಅರಳೆ ವ್ಯಾಪಾರದ ಮೇಲೆ ಅವಳ ಪ್ರಬಂಧ ಮುಕ್ಕಾಲು ಮುಗಿದಿತ್ತು. ಇವತ್ತು ಅದರ ಹಣೆಬರಹ ತೀರ್ಮಾನವಾಗುವುದಿತ್ತು, ಅವಳ ನೋಂದಣಿ ಉಳಿಯುತ್ತದೋ ರದ್ದಾಗುತ್ತದೋ ಎಂದು. ಅವಳು ಬಾಗಿದಳು. ಕಾಲಿಗೆ ಬೀಳುತ್ತಾಳೇನೋ ಎಂದು ಪರಮೇಶ ಹಿಂದೆ ಸರಿದ. ಅವಳು ಬಾಗಿದ್ದು ಅವನ ಚಪ್ಪಲಿಗೆ. ಒಳಮುಖವಾಗಿ ಬಿದ್ದಿದ್ದ ಜೋಡನ್ನು ಹೊರಮುಖವಾಗಿ ತಿರುಗಿಸಿ, ಗೋಡೆಗೆ ಹತ್ತಿಸಿ ಇಟ್ಟಳು. ಹೊರಗೆ ಬಂದವರು ಕಾಲು ತೂರಿಸಿ ನೆಟ್ಟಗೆ ನಡೆಯಬೇಕು, ಹಿರಿಯರು ತಿರುಗಿ ಹುಡುಕಬಾರದು. ಮನೆಯಲ್ಲಿ ಕಲಿತದ್ದು. ನಾಲ್ಕು ವರ್ಷದಿಂದ ದಿನಾ ಮಾಡುತ್ತಿದ್ದಳು, ಇವತ್ತೂ ಬಿಡಲಿಲ್ಲ. ಬಿಟ್ಟಿದ್ದರೆ ತನಗೆ ಎಷ್ಟು ಹಗುರಾಗುತ್ತಿತ್ತು ಎಂದು ಅವನು ಅಂದುಕೊಂಡ.

ಬೇವಿನ ಮರದ ಕಟ್ಟೆಯಿಂದ ಅವಳ ಅಪ್ಪ ಸಿದ್ದಪ್ಪ ಇಳಿದು ಬಂದ. ಹುಬ್ಬಳ್ಳಿ ಹತ್ತಿರದ ಸುಳ್ಳ ಎಂಬ ಊರಿನವನು. ಬೇಸಾಯವೂ ಇತ್ತು, ಅರಳೆಯ ದಲಾಲಿಯೂ ಇತ್ತು. ಬಿಳಿ ಟೊಪ್ಪಿಗೆ, ಹೆಗಲಿಗೆ ಟವೆಲ್ಲು, ಕೈಯಲ್ಲಿ ಬುತ್ತಿಯ ಗಂಟು.

"ಶರಣ್ರಿ ಸರ. ಮೊದಲ್ನೇ ಬಸ್ಸಿಗೆ ಬಂದು ಕುಂತೇನ್ರಿ. ನಿಮ್ಮ ಪಾಲಿಂದೂ ರೊಟ್ಟಿ ತಂದೇನಿ. ಒಳಗ ಕೆಲಸ ಮುಗಿಸಿಕೊಂಡು ಬರ್ರಿ, ಕೂಡೇ ಉಂಡ್ರಾತು."

"ಯಾಕ ತ್ರಾಸು ತೊಗೊಂಡ್ರಿ ಸಿದ್ದಪ್ಪನವರ."

"ತ್ರಾಸೇನ್ ಬಂತ್ರಿ. ಇಕಿ ನೋಡಿದ್ರ ಬಾಯೇ ಬಿಡವಲ್ಲಳು. ಏನೋ ಹೊಲಸು ಚಿತ್ರ ಹೋಗ್ಯಾವಂತ, ಇಕಿ ಹೆಸರಿನ ಮ್ಯಾಲೆ ಹೋಗ್ಯಾವಂತ. ಯಾರೋ ಕಳ್ಳರು ಮಾಡಿದ್ದು, ಹೌದಲ್ರಿ?"

"ಹೌದು. ಕಳ್ಳರು."

"ಮತ್ತ ಕಳ್ಳರನ್ನ ಬಿಟ್ಟು ಕಳವು ಆದವರನ್ನ ಯಾಕ ಕರದಾರ್ರಿ ಇವರು? ಓದಿದವರ ನ್ಯಾಯ ಓದಿದವರಿಗೇ ತಿಳೀಬೇಕು ಬಿಡ್ರಿ." ಸಿದ್ದಪ್ಪ ನಕ್ಕ. ಆಮೇಲೆ ದನಿ ಇಳಿಸಿ, "ನಾ ಏನ್ ಅಂಜೂದಿಲ್ರಿ. ಅಕೀನ್ನ ನಿಮ್ಮ ಉಡ್ಯಾಗ ಹಾಕೇನಿ" ಅಂದ.

ಉಡಿಯಲ್ಲಿ, ಮಡಿಲಲ್ಲಿ. ಪರಮೇಶ ತನ್ನ ಪ್ಯಾಂಟಿನ ಇಸ್ತ್ರಿಯ ಗೆರೆಯನ್ನು ನೋಡಿಕೊಂಡ. ಬೆಳಿಗ್ಗೆ ಸುಕನ್ಯಾ, ಅವನ ಹೆಂಡತಿ, ಈ ಪ್ಯಾಂಟನ್ನು ಕೈಗೆ ಕೊಡುತ್ತ, "ಹುಡುಗೀ ಕಡೆ ಒಂದೆರಡು ಮಾತು ಆಡ್ರಿ, ಪಾಪ, ತಾಯಿ ಇಲ್ಲದ್ದು" ಅಂದಿದ್ದಳು. ಆಡುತ್ತೇನೆ ಅಂದಿದ್ದ. ಏನು ಆಡಬೇಕೆಂಬುದು ಹದಿನೈದು ದಿನದಿಂದ ಅವನ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಅಡ್ಡ ಕೂತಿತ್ತು. ಮೀನು ತಿನ್ನದ ಮನೆತನದವನಿಗೆ ಈ ಹೋಲಿಕೆ ಎಲ್ಲಿಂದ ಬಂತೋ. ಬಹುಶಃ ಕಂಪ್ಯೂಟರ್ ಕೇಂದ್ರದ ಹುಡುಗ ಇಂಜಿನಿಯರ್ ಬಸವಕಿರಣ, ಚಿತ್ರಗಳ ಸುದ್ದಿ ಹಬ್ಬಿದ ದಿನ ಹೇಳಿದ್ದರಿಂದ ಇರಬೇಕು. 'ಇದಕ್ಕ ಗಾಳ ಹಾಕೂದು ಅಂತಾರ್ರಿ ಸರ, ಮೀನು ಹಿಡಿದಂಗ. ನಮ್ಮ ಕಡಿಂದ ಅಂತ ಹೇಳಿ ಒಂದು ಮೇಲ್ ಬರತೈತಿ, ಪಾಸ್‌ವರ್ಡ್ ಕೇಳತಾರ. ಯಾರರ ದಡ್ಡರು ಕೊಟ್ಟ ಬಿಡತಾರ.' ವಿಭಾಗದ ಬಾಗಿಲಲ್ಲಿ ಚಹದ ಕಪ್ಪು ಹಿಡಿದು, ನಗುನಗುತ್ತ ಹೇಳಿದ್ದ. ಪರಮೇಶನೂ ನಕ್ಕಿದ್ದ. ನಗದೆ ಇದ್ದಿದ್ದರೆ ಅನುಮಾನ ಬರುತ್ತಿತ್ತು ಎಂದು ನಕ್ಕಿದ್ದನೋ, ದಡ್ಡರು ಅಂದದ್ದಕ್ಕೆ ರೂಢಿಯಂತೆ ನಗು ಬಂದಿತ್ತೋ, ಈಗ ಹೇಳಲು ಬಾರದು.

ಇದೆಲ್ಲ ಶುರುವಾದದ್ದು ಒಂದು ಶನಿವಾರ. ವಿಭಾಗದ ಕಂಪ್ಯೂಟರಿನ ಕೋಣೆಯಲ್ಲಿ ಅವನೊಬ್ಬನೇ ಇದ್ದ. ಆರತಿ ತಾಯಿಯ ಪುಣ್ಯತಿಥಿಗೆಂದು ಸುಳ್ಳಕ್ಕೆ ಹೋಗಿದ್ದಳು. ಮುಂದಿನ ವಾರ ರಾಷ್ಟ್ರೀಯ ವಿಚಾರ ಸಂಕಿರಣ. ಬರುವವರ ಪತ್ರಗಳೆಲ್ಲ ಅವಳ ಈಮೇಲಿಗೇ ಬರುತ್ತಿದ್ದವು. ಪ್ರಾಧ್ಯಾಪಕರಿಗೆಲ್ಲ ಈಮೇಲು ಕೊಡುತ್ತೇವೆಂದು ವಿಶ್ವವಿದ್ಯಾಲಯ ಅರ್ಜಿ ಕರೆದಾಗ ಅವನು, 'ನನಗ್ಯಾಕವ್ವ, ನಿಂದ ಐತಲ್ಲ' ಅಂದುಬಿಟ್ಟಿದ್ದ. ಅವನು ಹೇಳುವುದು, ಅವಳು ಕೀಲಿಮಣೆ ಬಡಿಯುವುದು. ವಿಭಾಗದ ತುಂಬ ಹಿರಿಯರದೆಲ್ಲ ಇದೇ ಪದ್ಧತಿ. ಗುರುಗಳಿಗೆ ಶಿಷ್ಯರ ಕೈ, ಅಷ್ಟೇ. ಅವಳಿಲ್ಲದಾಗ ಬೇಕಾದೀತೆಂದು ಅವನು ಕೇಳಿದಾಗ ಅವಳು ಪಾಸ್‌ವರ್ಡ್ ಹೇಳಿಕೊಟ್ಟಿದ್ದಳು. ಹೇಳುವಾಗ ಒಂದು ಗಳಿಗೆ ತಡೆದಿದ್ದಳು. ಆ ತಡೆ ಅವನಿಗೆ ಆಗ ಗೊತ್ತಾಗಿತ್ತು. ಗೊತ್ತಾದರೂ, 'ಬ್ಯಾಡವ್ವ, ಇರಲಿ' ಅನ್ನಲಿಲ್ಲ. ಗುರು ಕೇಳಿದರೆ ಇಲ್ಲ ಅನ್ನುವ ಹುಡುಗಿಯಲ್ಲ ಅವಳು, ಮತ್ತು ಅವಳು ಅಂಥವಳಲ್ಲ ಎಂಬುದು ಅವನಿಗೆ ಹಿತವಾಗಿತ್ತು.

ಆ ಶನಿವಾರ ಹಾಗೆ ಅವನು ಒಬ್ಬನೇ ಕೂತದ್ದಕ್ಕೆ ಇನ್ನೊಂದು ಕಾರಣವಿತ್ತು. ಹಿಂದಿನ ದಿನ ಊಟಕ್ಕೆ ಕೂತಾಗ ಮಗಳು, "ಅಪ್ಪಾಗ ಒಂದು ಮೇಲ್ ಕಳಸಾಕ ಬರೂದಿಲ್ಲ, ಎಲ್ಲಾದಕ್ಕೂ ಆರತಿ ಅಕ್ಕಾನ ಬೇಕು" ಅಂದಿದ್ದಳು. ಸುಕನ್ಯಾ ಏನೂ ಅನ್ನದೆ ಅವನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದ್ದಳು. ಆ ಏನೂ ಅನ್ನದಿರುವುದು ಅವನನ್ನು ರಾತ್ರಿಯೆಲ್ಲ ಕೊರೆದಿತ್ತು. ಹೀಗಾಗಿ ಅವಳ ಈಮೇಲು ತೆರೆದೊಡನೆ ಕಂಪ್ಯೂಟರ್ ಕೇಂದ್ರದ ಹೆಸರಿನಲ್ಲಿ ಬಂದಿದ್ದ ಆ ಪತ್ರ ಕಂಡಾಗ ಅವನಿಗೆ ಅಂಜಿಕೆಗಿಂತ ಮೊದಲು ಉಮೇದು ಬಂತು. ಎರಡು ದಿನದಲ್ಲಿ ನಿಮ್ಮ ಖಾತೆ ಮುಚ್ಚಲಾಗುವುದು, ಮುಚ್ಚಬಾರದೆಂದರೆ ಹೆಸರು, ಪಾಸ್‌ವರ್ಡ್, ಹುಟ್ಟಿದ ದಿನ ತಿಳಿಸತಕ್ಕದ್ದು ಎಂದಿತ್ತು. ಇಂಗ್ಲಿಷು ಹರಕುಮುರುಕಾಗಿತ್ತು, ಒಂದು ವಾಕ್ಯಕ್ಕೆ ಕ್ರಿಯಾಪದವೇ ಇರಲಿಲ್ಲ. ಅದನ್ನು ನೋಡಿಯೇ ಅವನಿಗೆ ನಂಬಿಕೆ ಗಟ್ಟಿಯಾದದ್ದು. ಇದು ನಮ್ಮ ಆಫೀಸಿನದೇ, ನಮ್ಮವರಲ್ಲದೆ ಇಂಥ ಇಂಗ್ಲಿಷು ಇನ್ನಾರು ಬರೆದಾರು ಎಂದು ನಗುತ್ತ ಕನ್ನಡಕ ಏರಿಸಿಕೊಂಡಿದ್ದ. ಆಫೀಸಿನ ಕಾಗದಕ್ಕೆ ಅದೇ ದಿನ ಉತ್ತರ ಹೋಗಬೇಕೆಂಬುದು ಪೋಸ್ಟ್ ಮಾಸ್ತರನಾಗಿದ್ದ ಅವನ ತಂದೆ ಕಲಿಸಿದ ಶಿಸ್ತು. ಒಂದೇ ಬೆರಳಿನಿಂದ, ಅಕ್ಷರ ಹುಡುಕಿ ಹುಡುಕಿ, 'ಮಾನ್ಯರೇ, ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ' ಎಂಬ ಧಾಟಿಯಲ್ಲಿ, ಸಂಕಿರಣ ಹತ್ತಿರ ಬಂದಿರುವುದರಿಂದ ದಯವಿಟ್ಟು ಖಾತೆಯನ್ನು ಮುಂದುವರಿಸಬೇಕೆಂದು ವಿನಂತಿಸಿ, ಕೇಳಿದ್ದನ್ನೆಲ್ಲ ಕೊಟ್ಟು, ಕೆಳಗೆ ವಂದನೆಗಳನ್ನೂ ತಿಳಿಸಿ ಕಳಿಸಿದ್ದ. ಜೀವಮಾನದಲ್ಲಿ ಅವನು ಸ್ವತಃ ಕಳಿಸಿದ ಒಂದೇ ಒಂದು ಈಮೇಲು. ಮನೆಗೆ ಹೋಗುವಾಗ ಲೈನ್ ಬಜಾರಿನಲ್ಲಿ ಪೇಢೆ ತಗೊಂಡಿದ್ದ. ಯಾಕೆಂದು ಹೆಂಡತಿ ಕೇಳಿದರೆ ಸುಮ್ಮನೆ ಅಂದಿದ್ದ.

ಸೋಮವಾರ ಆರತಿಗೆ, 'ನಿನ್ನ ಅಕೌಂಟು ಮುಚ್ಚತಿದ್ರು, ನಾ ಉಳಿಸೀನಿ ನೋಡು' ಅಂದಾಗ ಅವಳ ಮುಖದಲ್ಲಿ ಏನೋ ಒಂದು ಆರಿತ್ತು. ಏನು ಕೇಳಿದ್ದರು, ಏನು ಕೊಟ್ಟಿರಿ ಎಂದು ಅವಳು ಕೇಳಲಿಲ್ಲ. 'ಛಲೋ ಆತ್ರಿ ಸರ' ಅಂದಳು. ಹೋಗಿ ಈಮೇಲು ತೆರೆಯಲು ನೋಡಿದರೆ ಅದು ಅವಳನ್ನು ಒಳಗೆ ಬಿಡಲಿಲ್ಲ. ಅಷ್ಟರಲ್ಲೇ ಅವಳ ಹೆಸರಿನಲ್ಲಿ ಹೊಲಸು ಚಿತ್ರಗಳು ಎಲ್ಲೆಲ್ಲಿಗೋ ಹೋಗಿದ್ದವು. ಸಂಕಿರಣಕ್ಕೆ ಬರಬೇಕಾದ ಪ್ರಾಧ್ಯಾಪಕರಿಗೆ, ಕುಲಪತಿಗಳಿಗೆ, ಮೈಸೂರಿನಲ್ಲಿದ್ದ ಅವನ ಸ್ವಂತ ಗುರುಗಳಿಗೆ. ಎಂಬತ್ತು ದಾಟಿದ ಗುರುಗಳು ಫೋನು ಮಾಡಿ, 'ಏನಯ್ಯ ಪರಮೇಶ, ಆ ಮಗು ಚೆನ್ನಾಗಿದ್ದಾಳೆ ತಾನೇ?' ಎಂದಷ್ಟೇ ಕೇಳಿದ್ದರು. ಮೊದಲ ವಿಚಾರಣೆಯಲ್ಲಿ, ವಿಶ್ವವಿದ್ಯಾಲಯ ಹಾಕಿದ ಸಮಿತಿ ಅವಳನ್ನು ಕೇಳಿತು, ಪಾಸ್‌ವರ್ಡ್ ಯಾರಿಗೆ ಕೊಟ್ಟಿದ್ದಿ? ಯಾವ ಹುಡುಗನಿಗೆ? ಅವಳು, 'ಯಾರಿಗೂ ಕೊಟ್ಟಿಲ್ರಿ' ಅಂದಳು. ಅವನು ಅದೇ ಸಾಲಿನ ಕುರ್ಚಿಯಲ್ಲಿದ್ದ. ಅವಳು ಅವನ ಕಡೆ ನೋಡಲಿಲ್ಲ. ಅವನು ಫ್ಯಾನು ನೋಡುತ್ತಿದ್ದ.

ಗುಲಾಬಸಾಬ ಬಾಗಿಲು ತೆರೆದು, "ಒಳಗ ಕರಿಯಾಕತ್ತಾರ್ರಿ ಸರ. ಅಕ್ಕಾರನ್ನೂ ಬರಹೇಳ್ಯಾರ" ಅಂದ. ಈ ಕೇಂದ್ರದ ಹಳೆಯ ಸಿಪಾಯಿ. ಒಳಗಿನ ಥಂಡಿ ಅಂಗಾಲಿನಿಂದ ಮೇಲೆ ಹತ್ತಿತು. ಪರದೆಯ ಮೇಲೆ ಮೇಲುಗಳನ್ನು ನೋಡಬೇಕೆಂದು ವಿಚಾರಣೆ ಇಲ್ಲಿಟ್ಟಿದ್ದರು. ಕುಲಸಚಿವರ ಕಾಲುಚೀಲದ ತೂತಿನಿಂದ ಹೆಬ್ಬೆರಳು ಹೊರಗೆ ಇಣುಕಿತ್ತು. ಅವರು ಅದನ್ನು ಇನ್ನೊಂದು ಪಾದದಿಂದ ಮುಚ್ಚಿಕೊಂಡಿದ್ದರು. ಪಕ್ಕದಲ್ಲಿ ವಿಭಾಗದ ಮುಖ್ಯಸ್ಥೆ ಸುಹಾಸಿನಿ ಮೇಡಂ ಶಾಲು ಹೊದ್ದು ಕೂತಿದ್ದರು. ಮೂಲೆಯ ಕಂಪ್ಯೂಟರಿನ ಮುಂದೆ ಬಸವಕಿರಣ.

"ನೋಡವ್ವಾ," ಅಂದರು ಕುಲಸಚಿವರು, ಆರತಿಗೆ. ದನಿಯಲ್ಲಿ ಮೊದಲ ವಿಚಾರಣೆಯ ಬಿಸಿ ಇರಲಿಲ್ಲ. "ನಾವೂ ಮಕ್ಕಳೊಂದಿಗರೇ. ಕಿರಣ ಹೇಳತಾನ, ಹೊರದೇಶದ ಯಾರೋ ಇದನ್ನ ಮಾಡಿರಬಹುದಂತ. ನೀ ಕೊಟ್ಟಿಲ್ಲ ಅಂತಿ, ಇರಲಿ. ನಿನ್ನ ಬೇಜವಾಬ್ದಾರಿಯಿಂದ ಹಿಂಗಾತು, ಇನ್ನ ಮ್ಯಾಲೆ ಆಗೂದಿಲ್ಲ ಅಂತ ಒಂದು ತಪ್ಪೊಪ್ಪಿಗಿ ಬರದು ಕೊಟ್ಟು ಹೋಗಿಬಿಡು. ನಾವೂ ಫೈಲ್ ಮುಚ್ಚತೀವಿ. ಏನಂತೀರಿ ಮೇಡಂ?"

"ಆಗಲಿ ಬಿಡ್ರಿ," ಅಂದರು ಸುಹಾಸಿನಿ ಮೇಡಂ. "ಹೆಣ್ಣಹುಡುಗಿ. ಇದನ್ನ ಬೆಳಸೂದ್ಯಾಕ."

ಆರತಿ ತಲೆಯಾಡಿಸಿದಳು. ಮುಗಿದಿತ್ತು. ಬಸವಕಿರಣ ಬಿಳಿಹಾಳೆ ಹುಡುಕುತ್ತಿದ್ದ. ಇನ್ನೊಂದು ಗಳಿಗೆ ಪರಮೇಶ ಬಾಯಿ ಮುಚ್ಚಿಕೊಂಡಿದ್ದರೆ ಅವಳು ನಾಲ್ಕು ಸಾಲು ಬರೆದು, ಹೊರಗೆ ಬೇವಿನ ಕೆಳಗೆ ಅಪ್ಪನ ಜೊತೆ ರೊಟ್ಟಿ ತಿನ್ನುತ್ತಿದ್ದಳು. ಅದು ಪರಮೇಶನಿಗೆ ಆ ಗಳಿಗೆಯಲ್ಲೇ ಸ್ಪಷ್ಟವಾಗಿ ಗೊತ್ತಿತ್ತು. ಆದರೆ ಅವಳು ಪೆನ್ನು ತೆರೆದದ್ದು ಕಂಡಿತು. ತಾನು ಮಾಡಿದ ತಪ್ಪನ್ನು ಅವಳು ತನ್ನದೆಂದು ಬರೆಯುವುದನ್ನು ನೋಡುತ್ತ ಕೂರಬೇಕು, ಆಮೇಲೆ ಅವಳು ತನ್ನ ಚಪ್ಪಲಿ ತಿರುಗಿಸಬೇಕು, ನಾಳೆ, ನಾಡಿದ್ದು, ಅವಳು ಇರುವವರೆಗೆ. ಇದನ್ನು ತಾಳಲಾರೆ ಅನ್ನಿಸಿತು. ಅವಳಿಗಾಗಿ ಅಲ್ಲ, ತನಗಾಗಿ ತಾಳಲಾರೆ ಅನ್ನಿಸಿತು. ಎದ್ದು ನಿಂತ.

"ಪಾಸ್‌ವರ್ಡ್ ಕೊಟ್ಟಾವ ನಾ," ಅಂದ.

ಬಸವಕಿರಣ ಹಾಳೆ ಹುಡುಕುವುದನ್ನು ನಿಲ್ಲಿಸಿದ.

"ಏನಂದ್ರಿ?" ಅಂದರು ಕುಲಸಚಿವರು.

ಅವನು ಎಲ್ಲ ಹೇಳಿದ. ಶನಿವಾರ, ಪತ್ರ, ಎರಡು ದಿನದ ಗಡುವು, ತಾನು ಬರೆದ ಉತ್ತರ. ಹೇಳುತ್ತ ಹೇಳುತ್ತ ಎದೆ ಹಗುರಾಗುತ್ತಿರುವುದು ತಿಳಿಯುತ್ತಿತ್ತು. ಆ ಹಗುರಿನಲ್ಲಿ ಅವನು ಆರತಿಯ ಕಡೆ ನೋಡಿದ. ಅವಳು ಬೇಡವೆಂದು ತಲೆಯಾಡಿಸುತ್ತಿದ್ದಳು, ಕಂಡೂ ಕಾಣದಷ್ಟು.

ಕುಲಸಚಿವರು ಮೊದಲು ನಕ್ಕರು. "ಪರಮೇಶ, ಹುಡುಗೀನ್ನ ಉಳಸಬೇಕಂತ ನಿಮಗ ಮನಸೈತಿ, ತಿಳೀತು. ನಾವ ಬಿಟ್ಟೇವಲ್ಲ ಮಾರಾಯ್ರ. ಈ ಸುಳ್ಳು ಯಾಕ ಬೇಕಿತ್ತು?"

"ಖರೇ ಹೇಳತೇನ್ರಿ."

"ಯಾರೋ ಕೇಳಿದ್ರ ಪಾಸ್‌ವರ್ಡ್ ಬರದು ಕೊಡತಾರೇನ್ರಿ? ನೀವು? ಇಷ್ಟು ವರ್ಷ ಸರ್ವಿಸ್ ಆದವರು? ನಮ್ಮ ಗುಲಾಬಸಾಬನೂ ಕೊಡೂದಿಲ್ಲ."

"ಕೊಟ್ಟೇನ್ರಿ. ಅದರೊಳಗ ಇರಬೇಕು ನೋಡ್ರಿ, ನಾ ಕಳಿಸಿದ್ದು."

ಬಸವಕಿರಣ ಪರದೆ ನೋಡಿ, "ಇಲ್ಲೇನೂ ಇಲ್ರಿ ಸರ. ಒಳಗ ಹೊಕ್ಕವರು ಎಲ್ಲಾ ಅಳಿಸಿ ಹೋಗ್ಯಾರ" ಅಂದ. ಅವನ ಮುಖದಲ್ಲಿ ಅವತ್ತಿನ ಚಹದ ನಗು ಇರಲಿಲ್ಲ. ನಂಬಿದವನು ಅವನೊಬ್ಬನೇ ಎಂದು ಪರಮೇಶನಿಗೆ ಹೊಳೆಯಿತು. ನಂಬಿ, ನಾಚಿ, ಅವನು ಪರದೆಯ ಕಡೆಗೇ ತಿರುಗಿಕೊಂಡ.

ಸುಹಾಸಿನಿ ಮೇಡಂ ಶಾಲು ಸರಿಮಾಡಿಕೊಂಡರು. "ನನಗೊಂದು ತಿಳೀವಲ್ದು. ಯಾರಿಗೂ ಕೊಟ್ಟಿಲ್ಲ ಅಂತ ಇಕಿ ಅಂದಿದ್ಲು. ನಿಮ್ಮ ಕಡೆ ಇತ್ತು ಅಂತ ಈಗ ನೀವು ಅಂತೀರಿ. ಹಂಗಾರ ಇಕಿ ಸುಳ್ಳು ಹೇಳಿದ್ಲು. ಇಷ್ಟು ದಿನ ನೀವು ಸುಮ್ಮನಿದ್ರಿ. ಇಬ್ಬರೂ ಕೂಡೇ ಮುಚ್ಚಿಟ್ರಿ. ಯಾಕ?"

ಇದಕ್ಕೆ ಉತ್ತರ ಹೇಳಲು ಅವನು ಚಪ್ಪಲಿಯಿಂದ ಶುರುಮಾಡಬೇಕಿತ್ತು.

"ಖರೇನ ಇವರಿಗೆ ಗೊತ್ತಿತ್ತೋ ಇಲ್ಲೋ, ನೋಡೇ ಬಿಡೂಣಲ್ಲ," ಕುಲಸಚಿವರು ಮುಂದೆ ಬಾಗಿದರು. "ಏನಿತ್ತು ಪಾಸ್‌ವರ್ಡ್? ಹೇಳ್ರಿ."

"ಸರ, ಬ್ಯಾಡ್ರಿ," ಅಂದಳು ಆರತಿ. ವಿಚಾರಣೆಯಲ್ಲಿ ಅವತ್ತು ಅವಳು ಆಡಿದ ಮೊದಲ ಮಾತು ಅದೇ.

ಆದರೆ ಪರಮೇಶನಿಗೆ ನಂಬಿಕೆ ಬೇಕಾಗಿತ್ತು. ದಡ್ಡನೆಂದಾದರೂ ಸರಿ, ನಂಬಿಸಿಕೊಳ್ಳಬೇಕಾಗಿತ್ತು. ಪರೀಕ್ಷೆಯಲ್ಲಿ ಉತ್ತರ ಬಂದ ಹುಡುಗನ ಹಾಗೆ, "ಬಾಳವ್ವ" ಅಂದ. "ಅಕಿ ತಾಯಿ ಹೆಸರ್ರಿ. ಅದರ ಮುಂದ ಅವರು ತೀರಿಕೊಂಡ ಇಸವಿ."

ಹೇಳಿದ ಮೇಲೆ ಆ ಹೆಸರು ಆ ಥಂಡಿ ಕೋಣೆಯಲ್ಲಿ ನಿಂತಿತು. ಬಾಳವ್ವನನ್ನು ಅವನು ನೋಡಿರಲಿಲ್ಲ. ಆ ಹೊಲಸಿಗೆಲ್ಲ ಬಾಗಿಲು ತೆಗೆದದ್ದು ಈ ಹೆಸರು ಎಂಬುದು ಅವನಿಗೆ ಈಗ, ತನ್ನ ದನಿಯಲ್ಲಿ ಕೇಳಿದ ಮೇಲೆ, ತಿಳಿಯಿತು. ಬಸವಕಿರಣ ಖಾತೆ ಕೊಟ್ಟಾಗ ಬರೆದಿಟ್ಟ ಹಳೆಯ ದಾಖಲೆ ನೋಡಿ ಹೌದೆಂದು ತಲೆ ಆಡಿಸಿದ. ಕುಲಸಚಿವರು ಕುರ್ಚಿಗೆ ಒರಗಿದರು. ಈಗ ಅವರು ನಂಬಿದ್ದರು. ಆದರೆ ನಂಬಿದ್ದು ಬೇರೆಯದನ್ನು.

"ಇಷ್ಟೆಲ್ಲಾ ಗೊತ್ತೈತಿ ನಿಮಗ," ಅಂದರು ಸುಹಾಸಿನಿ ಮೇಡಂ, ಮೆಲ್ಲಗೆ. "ತಾಯಿ ಹೆಸರು, ಸತ್ತ ಇಸವಿ. ನನ್ನ ಕೈಕೆಳಗೂ ಎಂಟು ಹುಡುಗ್ಯಾರು ಅದಾರ. ಒಬ್ಬಾಕಿ ತಾಯಿ ಹೆಸರೂ ನನಗ ಗೊತ್ತಿಲ್ಲ ನೋಡ್ರಿ."

ಅವನು ಬಾಯಿ ತೆರೆದ. ಹಾಗಲ್ಲ ಅನ್ನಬೇಕಿತ್ತು. ಆದರೆ ಕೀಲಿಮಣೆಯ ಮೇಲೆ ಅವಳ ಬೆರಳುಗಳು ಓಡುವುದನ್ನು ತಾನು ಎಷ್ಟು ಮಧ್ಯಾಹ್ನ ನೋಡುತ್ತ ಕೂತಿದ್ದೆ ಎಂಬುದು ಆ ಗಳಿಗೆಯಲ್ಲೇ ನೆನಪಾಯಿತು. ಬರೀ ಬೆರಳುಗಳು. ಅಕ್ಷರ ತಪ್ಪದ ವೇಗಕ್ಕೆ ಬೆರಗಾಗಿ ನೋಡಿದ್ದು. ಅಷ್ಟೇ ಹೌದೇ? ಆ ಶನಿವಾರ ಪೇಢೆ ತಗೊಂಡದ್ದು ಯಾರಿಗೆ ಹೇಳಿ ಹಿಗ್ಗಬೇಕೆಂದು? ಆಣೆ ಮಾಡು ಅಂದರೆ ಮಾಡಲಾರೆ ಎಂಬುದು ಅವನಿಗೆ ಮೊದಲ ಸಲ ತಿಳಿಯಿತು. ತಿಳಿದದ್ದು ಮುಖಕ್ಕೆ ಬಂದಿರಬೇಕು. ಮೂವರೂ ಅವನ ಮುಖ ನೋಡುತ್ತಿದ್ದರು.

ಆಮೇಲಿನದು ಬೇಗ ಮುಗಿಯಿತು. ಸಮಿತಿಗೆ ಸುಳ್ಳು ಹೇಳಿದ್ದಕ್ಕೆ ಆರತಿಯ ನೋಂದಣಿ ಅಮಾನತು. ಮುಂದೆ ಅವಳಿಗೆ ಮತ್ತೊಬ್ಬ ಮಾರ್ಗದರ್ಶಕರು ಸಿಕ್ಕರೆ, ಅವರು ಒಪ್ಪಿದರೆ, ಆಗ ನೋಡುವುದು. ಪರಮೇಶನಿಗೆ ಏನೂ ಇಲ್ಲ. "ನಿಮ್ಮ ವಯಸ್ಸಿಗೆ ಮರ್ಯಾದಿ ಕೊಟ್ಟು ನಿಮ್ಮ ಮಾತು ಬರಕೊಳ್ಳೂದಿಲ್ಲ," ಅಂದರು ಕುಲಸಚಿವರು. ಅವನು ಹೇಳಿದ ಒಂದೇ ಒಂದು ಸತ್ಯ ಹೀಗೆ ಎಲ್ಲಿಯೂ ದಾಖಲಾಗದೆ ಹೋಯಿತು. ದಾಖಲಾಗದೆಯೂ ಅದು ಸಂಜೆಯೊಳಗೆ ವಿಭಾಗದಲ್ಲಿ, ನಾಳೆ ಹಾಸ್ಟೆಲಿನಲ್ಲಿ, ಆಮೇಲೆ ಸುಳ್ಳದ ಬಸ್ಸಿನಲ್ಲಿ ಹೇಗೆ ತಿರುಗಾಡುತ್ತದೆಂಬುದು ಅವನಿಗೆ ಕಾಣುತ್ತಿತ್ತು. ಮೇಡಂ ಏಳುತ್ತ, "ಹುಡುಗರು ಪಾಸ್‌ವರ್ಡ್ ಯಾರಿಗೂ ಕೊಡಬಾರದು ಅಂತ ಒಂದು ನೋಟಿಸ್ ಹಾಕಬೇಕ್ರಿ, ಕನ್ನಡದಾಗ. ನಿಮ್ಮ ಕನ್ನಡ ಛಲೋ ಐತಿ, ಬರದು ಕೊಡ್ರಿ" ಅಂದರು. ಚುಚ್ಚಿ ಅಂದದ್ದಲ್ಲ. ಅವರಿಗೆ ನಿಜವಾಗಿಯೂ ನೋಟಿಸು ಬೇಕಾಗಿತ್ತು. ಅವನು, "ಆಗಲ್ರಿ" ಅಂದ.

ಅವನು ಹೊರಗೆ ಬರುವಷ್ಟರಲ್ಲಿ ಆರತಿ ಬಂದು ಮರದ ಕೆಳಗೆ ನಿಂತಿದ್ದಳು. ಅಪ್ಪನಿಗೆ ಏನೋ ಹೇಳುತ್ತಿದ್ದಳು, ಅಳದೆ. ಸಿದ್ದಪ್ಪ ಕೇಳುತ್ತ ಟವೆಲ್ಲನ್ನು ಹೆಗಲಿನಿಂದ ತೆಗೆದು ಮಡಚಿದ, ಮತ್ತೆ ಬಿಚ್ಚಿ ಮಡಚಿದ. ಆಮೇಲೆ ಬುತ್ತಿಯ ಗಂಟನ್ನು ಎತ್ತಿಕೊಂಡು ಅವನ ಕಡೆ ಬಂದ. ಬೈಯುತ್ತಾನೆ, ಬೈದರೆ ಒಳ್ಳೆಯದು ಎಂದು ಪರಮೇಶ ಮೈ ಬಿಗಿಹಿಡಿದ. ಸಿದ್ದಪ್ಪನ ಮುಖದಲ್ಲಿ ಸಿಟ್ಟು ಇರಲಿಲ್ಲ. ತಿಳಿಯದ್ದನ್ನು ತಿಳಿದವರ ಕಡೆ ಕೇಳುವ ಮನುಷ್ಯನ ಮುಖ ಅದು, ಬೆಳಿಗ್ಗೆ ಇದ್ದದ್ದೇ.

"ಸರ, ಒಂದು ಕೇಳತೇನಿ, ತಪ್ಪು ತಿಳೀಬ್ಯಾಡ್ರಿ," ಅಂದ. "ನಮ್ಮ ಬಾಳವ್ವನ ಹೆಸರು ಅಲ್ಲೆ ಯಾಕ ಬಂತ್ರಿ?"

ಪರಮೇಶ ಬುತ್ತಿಯ ಗಂಟನ್ನು ನೋಡಿದ. ಸಿದ್ದಪ್ಪ ಅದನ್ನು ಇನ್ನೊಂದು ಕೈಗೆ ಬದಲಿಸಿದ. ಆಮೇಲೆ, "ಆಗಲ್ರಿ, ಬರತೇವಿ" ಎಂದು ಟೊಪ್ಪಿಗೆ ಸರಿಮಾಡಿಕೊಂಡು ಹಿಂತಿರುಗಿದ. ತಂದೆ ಮಗಳು ಗೇಟಿನ ಕಡೆ ನಡೆದರು. ಗಂಟು ಸಿದ್ದಪ್ಪನ ಕೈಯಲ್ಲೇ ಇತ್ತು, ಒಬ್ಬರ ಪಾಲು ಹೆಚ್ಚಾಗಿ. ಆರತಿ ತಿರುಗಿ ನೋಡಲಿಲ್ಲ.

ಹೊಸ್ತಿಲ ಹೊರಗೆ ಗೋಡೆಗೆ ಹತ್ತಿ ಅವನ ಚಪ್ಪಲಿಗಳು ಹೊರಮುಖವಾಗಿ, ಜೋಡಾಗಿ, ಅವಳು ಇಟ್ಟ ಹಾಗೇ ಇದ್ದವು. ಕಾಲು ತೂರಿಸಿ ನೆಟ್ಟಗೆ ನಡೆದರಾಗಿತ್ತು. ಅವನು ನಿಂತು ಅವನ್ನು ನೋಡುತ್ತಿದ್ದ. ಹಿಂದಿನಿಂದ ಗುಲಾಬಸಾಬ ಕೀಲಿಯ ಗೊಂಚಲು ಸದ್ದು ಮಾಡುತ್ತ ಬಂದು ಕೆಮ್ಮಿದ.

"ಸರ, ಊಟದ ಹೊತ್ತಾತ್ರಿ. ಬಾಗಲಾ ಹಾಕಬೇಕು. ಚಪ್ಪಲಿ ಹಾಕ್ಕೋರ್ರಿ."